ರಾಜಾಬಾಯಿ ಗೋಪುರದ ಬಣ್ಣದ ಗಾಜುಗಳಿಗೆ ಎರಡನೆಯ ದಶಕ: ಮುಂಬೈ ವಿಶ್ವವಿದ್ಯಾಲಯದ ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ,

ಫೋರ್ಟ್ ಆವರಣದಲ್ಲಿರುವ ತಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ರಾಜಾಬಾಯಿ ಗಡಿಯಾರ ಗೋಪುರದ ಜೀರ್ಣೋದ್ಧಾರ 2015ರಲ್ಲಿ ಮುಗಿಯಿತು. ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಸಂಸ್ಥೆ ಆ ಕೆಲಸಕ್ಕೆ ನಾಲ್ಕು ಕೋಟಿ ರೂಪಾಯಿಗೂ ಮಿಕ್ಕಿ ನೆರವು ನೀಡಿತ್ತು, ಇಂಡಿಯನ್ ಹೆರಿಟೇಜ್ ಸೊಸೈಟಿಯ ಮುಂಬೈ ಶಾಖೆ ಬೆನ್ನಿಗೆ ನಿಂತಿತ್ತು. ಕಲ್ಲು, ಮರ, ಗಡಿಯಾರ ಎಲ್ಲವೂ ಆಗ ದುರಸ್ತಿ ಕಂಡವು. ಅವುಗಳ ಜೊತೆಗೆ, ಅವೆಲ್ಲಕ್ಕಿಂತ ನಾಜೂಕಾದ ಬಣ್ಣದ ಗಾಜಿನ ಕಿಟಕಿಗಳೂ ಹೊಸ ಜೀವ ಪಡೆದವು. ಆ ದುರಸ್ತಿಗೆ ಈಗ ಹತ್ತು ವರ್ಷ ದಾಟಿದೆ. ಬಣ್ಣದ ಗಾಜಿನ ಮಟ್ಟಿಗೆ ಹತ್ತು ವರ್ಷವೆಂದರೆ ಹತ್ತು ಮಳೆಗಾಲ, ಹತ್ತು ಬೇಸಿಗೆ, ಮತ್ತು ಎಡೆಬಿಡದೆ ಬೀಸುವ ಉಪ್ಪು ಗಾಳಿ.

ನನ್ನ ಕೋರಿಕೆ ಎರಡೇ. ಈ ಗಾಜುಗಳನ್ನು ನಿಯಮಿತವಾಗಿ ಪರೀಕ್ಷಿಸಿ ನೋಡಿಕೊಳ್ಳುವ ಲಿಖಿತ ವ್ಯವಸ್ಥೆಯೊಂದು ಇರಬೇಕು, ಅದು ಈಗಾಗಲೇ ಇದ್ದರೆ ಸಾರ್ವಜನಿಕರಿಗೂ ಓದಲು ಸಿಗಬೇಕು. ಹಾಗೆಯೇ ಗೊತ್ತಾದ ಕೆಲವು ದಿನಗಳಲ್ಲಾದರೂ ಸಾಮಾನ್ಯ ಜನರು ಒಳಗೆ ಬಂದು ಅವುಗಳನ್ನು ನೋಡುವಂತಿರಬೇಕು. ಎರಡಕ್ಕೂ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಮುಂಬೈಯ ಒಂದು ಕಟ್ಟಡದ ಬಗ್ಗೆ ಕನ್ನಡದಲ್ಲಿ ಪತ್ರ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡದ ಹಳೆಯ ಮನೆಗಳಲ್ಲಿ ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಿದ ಪದವಿ ಪತ್ರಗಳನ್ನು ನೋಡಿದವರಿಗೆ ಅದು ವಿಚಿತ್ರವಾಗದು. ಆ ಜಿಲ್ಲೆಗಳು ಮುಂಬೈ ಪ್ರಾಂತ್ಯಕ್ಕೆ ಸೇರಿದ್ದವು. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜು ಸೇರಿದಂತೆ ಅಲ್ಲಿನ ಕಾಲೇಜುಗಳಿಗೆ 1857ರಲ್ಲಿ ಸ್ಥಾಪನೆಯಾದ ಇದೇ ವಿಶ್ವವಿದ್ಯಾಲಯದ ಮಾನ್ಯತೆ ಇತ್ತು. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ, ಅದೂ ಮೊದಲು ಮುಂಬೈಯಲ್ಲೇ. ಧಾರವಾಡಕ್ಕೆ ಬಂದದ್ದು ಆಮೇಲೆ. ಅಲ್ಲಿಯವರೆಗೆ ಉತ್ತರ ಕರ್ನಾಟಕದ ಪದವೀಧರರೆಲ್ಲ ಬಹುಪಾಲು ತಮ್ಮ ವಿಶ್ವವಿದ್ಯಾಲಯದ ಪದವೀಧರರೇ. ಇಂದಿಗೂ ತಮ್ಮ ಕಲೀನಾ ಆವರಣದಲ್ಲಿ ಕನ್ನಡ ವಿಭಾಗವಿದೆ. ಹೀಗಾಗಿ ಆ ಗೋಪುರದ ಬಗ್ಗೆ ಮಾತನಾಡುವಾಗ ನಾವು ಹೊರಗಿನವರೆಂಬ ಸಂಕೋಚ ನನಗಿಲ್ಲ.

ಈ ಕಟ್ಟಡವನ್ನು ಇಂದು ನೋಡುವವರು ಅದು ಕಡಲ ಕಟ್ಟಡವೆಂಬುದನ್ನು ಮರೆತೇಬಿಡುತ್ತಾರೆ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಕಾಲದಲ್ಲಿ ಕೋಟೆಯ ಗೋಡೆಗಳನ್ನು ಕೆಡವಿದ ಮೇಲೆ ದೊರೆತ ಜಾಗದಲ್ಲಿ ಸಚಿವಾಲಯ, ವಿಶ್ವವಿದ್ಯಾಲಯ, ಹೈಕೋರ್ಟು ಒಂದರ ಪಕ್ಕ ಒಂದು ಎದ್ದವು. ಅವೆಲ್ಲ ಮುಖ ಮಾಡಿದ್ದು ಪಶ್ಚಿಮಕ್ಕೆ. ಎದುರಿಗೆ ಓವಲ್ ಮೈದಾನ, ಅದರಾಚೆ ರೈಲು ಹಳಿ, ಹಳಿಯಾಚೆ ಅರಬ್ಬಿ ಸಮುದ್ರ. ಲಂಡನ್ನಿನಲ್ಲಿ ಕುಳಿತು ನಕ್ಷೆ ಬರೆದ ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಮುಂಬೈಗೆ ಒಮ್ಮೆಯೂ ಬಂದವರಲ್ಲ. ಇಲ್ಲಿನ ಮುಂಗಾರು ಪಶ್ಚಿಮದ ಗೋಡೆಗೆ ಹೇಗೆ ಬಡಿಯುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿರಲಿಲ್ಲ. ಹತ್ತಿಯ ವ್ಯಾಪಾರದಲ್ಲಿ ಹೆಸರು ಮಾಡಿದ್ದ ಪ್ರೇಮಚಂದ್ ರಾಯ್‌ಚಂದ್ ಅವರ ದೇಣಿಗೆಯಿಂದ 1869ರಲ್ಲಿ ಶುರುವಾದ ಕೆಲಸ 1878ರ ನವೆಂಬರಿನಲ್ಲಿ ಮುಗಿಯಿತು. ಸುಮಾರು 280 ಅಡಿ ಎತ್ತರದ ಗೋಪುರಕ್ಕೆ ಅವರ ತಾಯಿ ರಾಜಾಬಾಯಿಯ ಹೆಸರಿಡಲಾಯಿತು. ಕಣ್ಣು ಕಾಣದ ಆ ಜೈನ ತಾಯಿಗೆ ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಲು ಗಡಿಯಾರದ ಗಂಟೆ ನೆರವಾಗಲಿ ಎಂದು ಮಗ ಕಟ್ಟಿಸಿದನೆಂಬ ಕಥೆ ಊರಲ್ಲೆಲ್ಲ ಇದೆ. ಕಥೆ ಎಷ್ಟು ನಿಜವೋ, ಕೇಳಲು ಚೆನ್ನಾಗಿದೆ.

ಇಪ್ಪತ್ತನೆಯ ಶತಮಾನದಲ್ಲಿ ಬ್ಯಾಕ್‌ಬೇ ಕೊಲ್ಲಿಯನ್ನು ತುಂಬಿಸಿ ಪಡೆದ ನೆಲದ ಮೇಲೆ ಆರ್ಟ್ ಡೆಕೊ ಎಂಬ ಆಧುನಿಕ ಶೈಲಿಯ ಮನೆಗಳ ಸಾಲು ಮತ್ತು ಮರೀನ್ ಡ್ರೈವ್ ಬಂದು, ಸಮುದ್ರ ಕಣ್ಣಿಗೆ ಮರೆಯಾಯಿತು. ಮೈದಾನದ ಈಚೆಗಿನ, ಚೂಪು ಕಮಾನುಗಳ ಗಾಥಿಕ್ ಶೈಲಿಯ ಕಟ್ಟಡಗಳನ್ನೂ ಆಚೆಗಿನ ಆರ್ಟ್ ಡೆಕೊ ಕಟ್ಟಡಗಳನ್ನೂ ಒಟ್ಟಾಗಿ ಯುನೆಸ್ಕೊ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಸಮುದ್ರವನ್ನು ದೂರ ತಳ್ಳಿದ ಮಾತ್ರಕ್ಕೆ ಅದರ ಗಾಳಿ ದೂರವಾಗಲಿಲ್ಲ. ಗೋಪುರದಿಂದ ಇಂದಿಗೂ ಒಂದು ಕಿಲೋಮೀಟರಿನೊಳಗೇ ಅಲೆ ಬಡಿಯುತ್ತಿದೆ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ನಾಲ್ಕೇ ತಿಂಗಳಲ್ಲಿ, ಪಶ್ಚಿಮದಿಂದಲೇ ಓರೆಯಾಗಿ ಬೀಸಿ ಕಿಟಕಿಗೆ ಹೊಡೆಯುತ್ತದೆ.

ಈ ಮಳೆ ಗಾಳಿಗೆ ಬಣ್ಣದ ಗಾಜಿನ ಕಿಟಕಿಯಲ್ಲಿ ಮೊದಲು ಸೋಲುವುದು ಗಾಜಲ್ಲ. ಗಾಜಿನ ಬಣ್ಣ ಅದರ ಮೈಯಲ್ಲೇ ಇರುತ್ತದೆ. ಕರಗಿದ ಗಾಜಿಗೆ ಕೋಬಾಲ್ಟ್ ಬೆರೆಸಿದರೆ ನೀಲಿ, ತಾಮ್ರ ಅಥವಾ ಚಿನ್ನ ಬೆರೆಸಿದರೆ ಕೆಂಪು, ಮ್ಯಾಂಗನೀಸ್ ಬೆರೆಸಿದರೆ ನೇರಳೆ. ಬೆಳ್ಳಿಯ ಲವಣ ಬಳಿದು ಸುಟ್ಟರೆ ಹಳದಿ. ಮುಖದ ಗೆರೆ, ಬಟ್ಟೆಯ ಮಡಿಕೆ, ಎಲೆಯ ನರ ಮುಂತಾದ ಸೂಕ್ಷ್ಮಗಳನ್ನು ಮಾತ್ರ ಲೋಹದ ಆಕ್ಸೈಡು ಮತ್ತು ಗಾಜಿನ ಪುಡಿ ಕಲಸಿದ ಕಪ್ಪು ಅಥವಾ ಕಂದು ಬಣ್ಣದಿಂದ ಕುಂಚದಲ್ಲಿ ಬರೆದು, 600 ಡಿಗ್ರಿ ಮೀರಿದ ಶಾಖದಲ್ಲಿ ಕುಲುಮೆಯಲ್ಲಿಟ್ಟು ಅಂಟಿಸುತ್ತಾರೆ. ಹೀಗೆ ಸಿದ್ಧವಾದ ತುಂಡುಗಳನ್ನು ಇಕ್ಕೆಲದಲ್ಲೂ ತೋಡು ಇರುವ ಸೀಸದ ಪಟ್ಟಿಗಳ ನಡುವೆ ಕೂರಿಸಿ, ಸಂದಿಗಳಲ್ಲಿ ತವರ ಬೆರೆತ ಬೆಸುಗೆ ಹಾಕಿ, ಸೀಸಕ್ಕೂ ಗಾಜಿಗೂ ನಡುವಿನ ಸಂದಿನಲ್ಲಿ ಅಗಸೆ ಎಣ್ಣೆ ಮತ್ತು ಸೀಮೆಸುಣ್ಣದ ಪುಟ್ಟಿ ತುಂಬುತ್ತಾರೆ. ಇಡೀ ಫಲಕ ಗಾಳಿಗೆ ಬಾಗದಿರಲೆಂದು ಅಡ್ಡಲಾಗಿ ಲೋಹದ ಸರಳುಗಳನ್ನು ಕೊಟ್ಟು ತಾಮ್ರದ ತಂತಿಯಿಂದ ಕಟ್ಟುತ್ತಾರೆ.

ಸೋಲುವುದು ಈ ಹೊಂದಿಕೆಯೇ. ಬಿಸಿಲಿಗೆ ಸೀಸ ಗಾಜಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಹಿಗ್ಗುತ್ತದೆ, ಮಳೆ ಬಿದ್ದಾಗ ಕುಗ್ಗುತ್ತದೆ. ದಿನಕ್ಕೊಮ್ಮೆ ಹೀಗೆ ಎಳೆದಾಡಿಸಿಕೊಂಡ ಮೆತ್ತನೆಯ ಲೋಹ ಕೊನೆಗೆ ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಂತೆ ಬಿರಿಯುತ್ತದೆ. ಎಣ್ಣೆ ಒಣಗಿದ ಪುಟ್ಟಿ ಉದುರಿದರೆ ಆ ಸಂದಿನಿಂದ ನೀರು ಒಳಗಿಳಿಯುತ್ತದೆ. ಫಲಕ ನಿಧಾನವಾಗಿ ಹೊಟ್ಟೆ ಬಿಟ್ಟಂತೆ ಉಬ್ಬುತ್ತದೆ. ಅಡ್ಡ ಸರಳು ಕಬ್ಬಿಣದ್ದಾಗಿದ್ದರೆ ಉಪ್ಪು ಗಾಳಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ದಪ್ಪವಾಗಿ ಬೆಳೆದು ಅದನ್ನು ಹಿಡಿದಿರುವ ಕಲ್ಲನ್ನೇ ಸೀಳುತ್ತದೆ. ಇದಕ್ಕೆಲ್ಲ ಪಾರಿವಾಳದ ಹಿಕ್ಕೆಯ ಆಮ್ಲವನ್ನೂ ಸೇರಿಸಿಕೊಳ್ಳಬೇಕು. ಪಾರಿವಾಳಗಳಿಗೆ ಕಾಳು ಹಾಕುವ ವಿಷಯ ಈ ನಗರದಲ್ಲಿ ಪಕ್ಕದ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಆ ಜಗಳಕ್ಕೆ ನಾನು ಇಳಿಯುವುದಿಲ್ಲ, ಕಿಟಕಿಗಳ ಮಾಡದಲ್ಲಿ ಅವು ಗೂಡು ಕಟ್ಟದಂತೆ ನೋಡಿಕೊಂಡರೆ ಸಾಕು.

ಇಂಥ ಕಿಟಕಿಯನ್ನು ಸರಿಪಡಿಸುವುದು ಎಷ್ಟು ಸಾವಧಾನದ ಕೆಲಸವೆಂಬುದು ಹೊರಗಿನವರಿಗೆ ಗೊತ್ತಾಗುವುದು ಕಷ್ಟ. ಮೊದಲು ಪ್ರತಿ ಫಲಕದ ಛಾಯಾಚಿತ್ರ ತೆಗೆದು, ಅದರ ಮೇಲೆ ಕಾಗದವಿಟ್ಟು ಸೀಸದ ಗೆರೆಗಳನ್ನು ಉಜ್ಜಿ ಅಚ್ಚು ಪಡೆಯುತ್ತಾರೆ. ಆ ಅಚ್ಚೇ ಮುಂದೆ ಜೋಡಣೆಯ ನಕ್ಷೆ. ತುಂಡುಗಳಿಗೆ ಸಂಖ್ಯೆ ಕೊಟ್ಟು ಬಿಡಿಸಿ, ಲವಣ ತೆಗೆದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒಂದೊಂದಾಗಿ ಒರೆಸುತ್ತಾರೆ. ಇಲ್ಲಿ ಅವಸರಪಟ್ಟು ಸ್ನಾನದ ಮನೆ ತೊಳೆಯುವ ಆಮ್ಲವನ್ನೋ ಗಟ್ಟಿ ಬ್ರಷ್ಷನ್ನೋ ಬಳಸಿದರೆ ಕೊಳೆಯ ಜೊತೆಗೆ ಕುಂಚದ ಗೆರೆಯೂ ಹೋಗುತ್ತದೆ, ಮತ್ತು ಒಮ್ಮೆ ಹೋದ ಮುಖ ಹೋದದ್ದೇ. ಒಡೆದ ತುಂಡನ್ನು ಬಿಸಾಡದೆ ಅಂಚಿಗೆ ಎಪಾಕ್ಸಿ ಅಂಟು ಹಚ್ಚಿಯೋ ತೆಳು ತಾಮ್ರದ ಹಾಳೆ ಸುತ್ತಿಯೋ ಕೂಡಿಸುತ್ತಾರೆ. ತೀರಾ ಕಾಣೆಯಾದುದಕ್ಕೆ ಮಾತ್ರ ಹೊಸ ಗಾಜು. ಬಳಿಕ ಹೊಸ ಸೀಸ, ಹೊಸ ಪುಟ್ಟಿ. ಇಂಥ ಕೆಲಸಕ್ಕೆ ಒಗ್ಗಿದ ಕೈಗಳು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು. ಅವುಗಳಲ್ಲಿ ಕೆಲವು ಮುಂಬೈಯಲ್ಲೇ ಇರುವುದು ತಮ್ಮ ಅದೃಷ್ಟ.

ಚೆನ್ನಾಗಿ ಕೂರಿಸಿದ ಸೀಸ ನೂರು ವರ್ಷದ ಸುತ್ತಮುತ್ತ ಬಾಳುತ್ತದೆ ಎನ್ನುವುದು ಈ ವೃತ್ತಿಯವರ ಲೆಕ್ಕ. ಆ ಲೆಕ್ಕಕ್ಕೆ ಒಂದು ಷರತ್ತಿದೆ: ನಡುನಡುವೆ ಯಾರಾದರೂ ನೋಡುತ್ತಿರಬೇಕು. ಹತ್ತನೆಯ ವರ್ಷದಲ್ಲಿ ಕಂಡುಹಿಡಿದ ಪುಟ್ಟಿಯ ಬಿರುಕನ್ನು ಏಣಿ ಹತ್ತಿ ಒಂದು ಮಧ್ಯಾಹ್ನದಲ್ಲಿ ಮುಚ್ಚಬಹುದು. ಅದನ್ನೇ ಮೂವತ್ತನೆಯ ವರ್ಷದಲ್ಲಿ ಕಂಡರೆ ಸಾರುವೆ ಕಟ್ಟಿ ಫಲಕವನ್ನೇ ಇಳಿಸಬೇಕಾಗುತ್ತದೆ, ಮತ್ತೆ ಕೋಟಿಗಳ ದಾನಿಯನ್ನು ಹುಡುಕಬೇಕಾಗುತ್ತದೆ. ನಮ್ಮ ಸಾರ್ವಜನಿಕ ಸಂಸ್ಥೆಗಳಲ್ಲಿ ಜೀರ್ಣೋದ್ಧಾರಕ್ಕೆ ದಾನಿಗಳು ಸಿಗುತ್ತಾರೆ, ನಾಮಫಲಕ ಏಳುತ್ತದೆ, ರಿಬ್ಬನ್ ಕತ್ತರಿಸಲಾಗುತ್ತದೆ. ಪುಟ್ಟಿ ಬದಲಿಸುವುದಕ್ಕೆ ದಾನ ಕೊಟ್ಟವರ ಹೆಸರನ್ನು ನಾನು ಎಲ್ಲಿಯೂ ಕಲ್ಲಿನಲ್ಲಿ ಕೆತ್ತಿದ್ದು ಕಂಡಿಲ್ಲ. ಆ ಖರ್ಚು ಸಂಸ್ಥೆಯ ಆಯವ್ಯಯದಲ್ಲೇ ಒಂದು ಸಾಲಾಗಿ, ಪ್ರತಿ ವರ್ಷ ತಪ್ಪದೆ ಇರಬೇಕಾದದ್ದು.

ಆದ್ದರಿಂದ ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ ನೆಲದಿಂದಲೇ ದುರ್ಬೀನು ಹಿಡಿದು ಎಲ್ಲ ಕಿಟಕಿಗಳನ್ನು ನೋಡಿ ದಾಖಲಿಸುವ ಕ್ರಮ ಬರಲಿ. ಐದು ವರ್ಷಕ್ಕೊಮ್ಮೆ ಪರಿಣತರು ಹತ್ತಿರದಿಂದ, ಬೆರಳಿನಿಂದ ಮುಟ್ಟಿ ಪರೀಕ್ಷಿಸಲಿ. ದುರಸ್ತಿಯ ಕಾಲದ ಛಾಯಾಚಿತ್ರಗಳು, ಅಚ್ಚುಗಳು, ಬಳಸಿದ ಅಂಟು ಮತ್ತು ಸೀಸದ ವಿವರ ಗ್ರಂಥಾಲಯದಲ್ಲೇ ಎಲ್ಲರ ಕೈಗೆ ಸಿಗುವಂತಿರಲಿ. ಮುಂದಿನ ಸಂರಕ್ಷಕ ಇನ್ನೂ ಹುಟ್ಟಿರಲಿಕ್ಕಿಲ್ಲ, ಅವರಿಗೆ ಈ ದಾಖಲೆ ಬಿಟ್ಟರೆ ಬೇರೆ ದಾರಿಯಿಲ್ಲ. ಮಳೆಯಿಂದ ಕಾಪಾಡಲೆಂದು ಹೊರಗಡೆ ಎರಡನೆಯ ಗಾಜನ್ನೋ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನೋ ಬಿಗಿಯುವ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಎರಡು ಸಲ ಯೋಚಿಸಿ. ನಡುವೆ ಗಾಳಿಯಾಡಲು ಜಾಗವಿಡದೆ ಮುಚ್ಚಿದರೆ ಅಲ್ಲಿ ಸೆಖೆ ಕಟ್ಟಿ, ಒಳಮೈಯಲ್ಲಿ ನೀರು ಹನಿಗಟ್ಟಿ, ಮಳೆ ಮಾಡುವುದಕ್ಕಿಂತ ಹೆಚ್ಚಿನ ಹಾನಿಯನ್ನು ಕವಚವೇ ಮಾಡುತ್ತದೆ. ಇದಕ್ಕೆ ಬೇಕಾದ ಪರಿಣತಿಯ ಒಂದು ಪಾಲು ತಮ್ಮಲ್ಲೇ ಇದೆ. ಲವಣ, ತೇವಾಂಶ, ಲೋಹದ ತುಕ್ಕು ಇವನ್ನು ಅಳೆಯುವುದು ರಸಾಯನಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಎಷ್ಟು ಒಳ್ಳೆಯ ಪ್ರಯೋಗವೋ, ಕಟ್ಟಡಕ್ಕೂ ಅಷ್ಟೇ ಒಳ್ಳೆಯದು.

ಇನ್ನು ಎರಡನೆಯ ಕೋರಿಕೆ. ಓವಲ್ ಮೈದಾನದಲ್ಲಿ ಕ್ರಿಕೆಟ್ ಆಡುವ ಹುಡುಗರಿಗೆ, ಮೈದಾನದ ನಡುವಿನ ಕಾಲುದಾರಿಯಲ್ಲಿ ಚರ್ಚ್‌ಗೇಟಿನತ್ತ ಓಡುವ ನೌಕರರಿಗೆ ಈ ಕಟ್ಟಡ ಚಿರಪರಿಚಿತ. ಆದರೆ ಅವರಿಗೆ ಹಗಲಿನಲ್ಲಿ ಕಾಣುವ ಕಿಟಕಿಗಳು ಕಲ್ಲಿನ ಚೌಕಟ್ಟಿನೊಳಗಿನ ಕಪ್ಪು ಮಚ್ಚೆಗಳು ಮಾತ್ರ. ಸೀಸದ ಗೆರೆಗಳು ಕಂಡರೆ ಹೆಚ್ಚು. ಬಣ್ಣದ ಗಾಜಿನ ಸ್ವಭಾವವೇ ಹಾಗೆ. ಬೆಳಕು ಅದನ್ನು ಹಾದು ಬರಬೇಕು, ನೋಡುವವರು ಕತ್ತಲ ಕಡೆ ನಿಂತಿರಬೇಕು. ಪಶ್ಚಿಮಕ್ಕೆ ತೆರೆದ ಆ ಕಿಟಕಿಗಳಿಗೆ ಇಳಿಹೊತ್ತಿನ ಬಿಸಿಲು ಬಿದ್ದಾಗ ಒಳಗಿದ್ದವರಿಗೆ ದೊರೆಯುವುದರಲ್ಲಿ ಒಂದಂಶವೂ ಹೊರಗಿನವರಿಗೆ ದೊರೆಯದು. ಒಂದು ಶಿಲ್ಪವನ್ನೋ ಕಮಾನನ್ನೋ ದುರಸ್ತಿ ಮಾಡಿದರೆ ರಸ್ತೆಯಲ್ಲಿ ಹೋಗುವವರಿಗೂ ಅದರ ಫಲ ಸಿಗುತ್ತದೆ. ಗಾಜನ್ನು ದುರಸ್ತಿ ಮಾಡಿ ಬಾಗಿಲು ತೆರೆಯದಿದ್ದರೆ ಊರಿಗೆ ಅದು ದುರಸ್ತಿಯಾದದ್ದೇ ತಿಳಿಯುವುದಿಲ್ಲ.

ಪಕ್ಕದ ಘಟಿಕೋತ್ಸವ ಭವನದ ದುಂಡು ಕಿಟಕಿಯನ್ನೇ ನೋಡಿ. ಅದರ ಹೊರ ಸುತ್ತಿನಲ್ಲಿ ಹನ್ನೆರಡು ರಾಶಿಗಳ ಚಿತ್ರಗಳಿವೆ. ಮೇಷದಿಂದ ಮೀನದವರೆಗೆ ಪಂಚಾಂಗ ನೋಡುವ ನಮ್ಮ ಜನರಿಗೆ ಇದಕ್ಕಿಂತ ಆಪ್ತವಾದ ವಿಷಯ ಇನ್ನೇನಿದೆ? ಪ್ರತಿ ಮಗುವೂ ತನ್ನ ರಾಶಿಯನ್ನು ಹುಡುಕಲು ಕತ್ತೆತ್ತಿ ನಿಲ್ಲುತ್ತದೆ, ಯಾವ ಮಾರ್ಗದರ್ಶಿಯೂ ಬೇಕಾಗುವುದಿಲ್ಲ. ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ಆಗುವುದೂ ಇದೇ. ಗ್ಲಾಸ್ಗೋದಿಂದ ಬಂದ ಆ ಗಾಜಿನ ಚಾವಣಿಯ ನವಿಲುಗಳ ಕೆಳಗೆ ಹಳ್ಳಿಯಿಂದ ಬಸ್ಸು ಮಾಡಿಕೊಂಡು ಬಂದ ಶಾಲೆಯ ಮಕ್ಕಳು ದಿನವೂ ಸಾಲುಗಟ್ಟಿ ಹಾದುಹೋಗುತ್ತಾರೆ. ಬಣ್ಣದ ಗಾಜು ಎಂದರೇನು ಎಂದು ಕರ್ನಾಟಕದಲ್ಲಿ ಸಾಮಾನ್ಯರಿಗೆ ಗೊತ್ತಿರುವುದು ಬಹುಮಟ್ಟಿಗೆ ಆ ಅರಮನೆಯಿಂದ ಮತ್ತು ಅದೇ ಊರಿನ ಸಂತ ಫಿಲೋಮಿನಾ ಚರ್ಚಿನಿಂದ.

ಗ್ರಂಥಾಲಯ ಅರಮನೆಯಲ್ಲ ಎಂಬುದು ನನಗೆ ತಿಳಿದಿದೆ. ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿಯ ಬೆನ್ನ ಹಿಂದೆ ಮೊಬೈಲು ಹಿಡಿದ ಪ್ರವಾಸಿಗರ ಗುಂಪು ನಿಲ್ಲುವುದನ್ನು ನಾನೂ ಬಯಸುವುದಿಲ್ಲ. ಓದುಗರ ಮೌನ ಗಾಜಿಗಿಂತ ದೊಡ್ಡದು. ಗೋಪುರದ ಮೇಲಕ್ಕೆ ಜನರನ್ನು ಬಿಡುವುದನ್ನು ಬಹಳ ಹಿಂದೆಯೇ ನಿಲ್ಲಿಸಿದ್ದಕ್ಕೆ ಅಲ್ಲಿ ನಡೆದ ಸಾವುಗಳ ದುಃಖದ ಹಿನ್ನೆಲೆಯಿದೆ, ಅದನ್ನು ಪ್ರಶ್ನಿಸುವ ಉದ್ದೇಶವೂ ನನಗಿಲ್ಲ. ನಾನು ಕೇಳುತ್ತಿರುವುದು ಮೆಟ್ಟಿಲಿನ ತುದಿಯನ್ನಲ್ಲ, ಓದುವ ಸಭಾಂಗಣವನ್ನು. ಅದೂ ರಜೆಯ ದಿನಗಳಲ್ಲಿ, ಇಪ್ಪತ್ತು ಇಪ್ಪತ್ತೈದು ಜನರ ಗುಂಪಿನಲ್ಲಿ, ಮೊದಲೇ ಹೆಸರು ನೋಂದಾಯಿಸಿಕೊಂಡು, ಬೇಕಿದ್ದರೆ ಶುಲ್ಕ ಕಟ್ಟಿ. ಇದು ಅಸಾಧ್ಯವಾದದ್ದಲ್ಲ. ತಮ್ಮ ನೆರೆಯ ಹೈಕೋರ್ಟಿನಂಥ ಭದ್ರತೆಯ ಕಟ್ಟಡದಲ್ಲೇ ವಾರಾಂತ್ಯದ ಪಾರಂಪರಿಕ ನಡಿಗೆಗೆ ಅವಕಾಶ ಮಾಡಿದ ಉದಾಹರಣೆಯಿದೆ, ಮಹಾನಗರಪಾಲಿಕೆಯ ಕೇಂದ್ರ ಕಚೇರಿಯಲ್ಲೂ ಇದೆ. ಕಾಲಾ ಘೋಡಾದ ನೀಲಿ ಸಿನಗಾಗ್, ಅಂದರೆ 1884ರ ಯಹೂದಿ ಪ್ರಾರ್ಥನಾ ಮಂದಿರ ಕೆನೆಸೆತ್ ಎಲಿಯಾಹೂ, 2019ರಲ್ಲಿ ದುರಸ್ತಿಯಾಗಿ ತೆರೆದ ಮೇಲೆ ಅಲ್ಲಿನ ಬಣ್ಣದ ಗಾಜನ್ನು ನೋಡಲೆಂದೇ ಬರುವವರಿದ್ದಾರೆ. ಕೊಲಾಬಾದಲ್ಲಿ, ಕಡಲಿಗೆ ಹತ್ತಿರದಲ್ಲೇ, 1858ರಲ್ಲಿ ಪ್ರತಿಷ್ಠಾಪನೆಗೊಂಡ ಅಫ್ಘನ್ ಚರ್ಚಿನ ಕಿಟಕಿಗಳೂ ಈಚೆಗೆ ಸಂರಕ್ಷಕರ ಕೈ ಸೇರಿದವು. ಗೋಪುರದ ಗ್ರಂಥಾಲಯವೂ ಸೇರಿದರೆ ಒಂದೇ ದಿನದ ನಡಿಗೆಯಲ್ಲಿ ಮುಂಬೈಯ ಗಾಜಿನ ಕಥೆಯನ್ನು ಪೂರ್ತಿಯಾಗಿ ಹೇಳಬಹುದು.

ಆ ನಡಿಗೆಯನ್ನು ನಡೆಸಿಕೊಡುವ ಕೆಲಸವನ್ನು ವಿದ್ಯಾರ್ಥಿಗಳಿಗೇ ಕೊಡಿ ಎಂದು ಸೂಚಿಸುತ್ತೇನೆ. ತಮ್ಮಲ್ಲಿ ಇತಿಹಾಸದ, ಪ್ರವಾಸೋದ್ಯಮದ, ಭಾಷೆಗಳ ವಿದ್ಯಾರ್ಥಿಗಳಿದ್ದಾರೆ. ಮರಾಠಿ, ಹಿಂದಿ, ಇಂಗ್ಲಿಷ್, ಗುಜರಾತಿಯಲ್ಲಿ ಹೇಳುವಂತೆಯೇ ತಿಂಗಳಿಗೊಂದು ಸಲ ಕನ್ನಡದಲ್ಲೂ ಹೇಳಿದರೆ, ಡೊಂಬಿವಲಿಯಿಂದಲೂ ಮುಲುಂಡಿನಿಂದಲೂ ನಮ್ಮವರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಬರುವ ಶುಲ್ಕ ಬೇರೆಲ್ಲಿಗೂ ಹೋಗದೆ ಕಿಟಕಿಗಳ ನಿರ್ವಹಣೆಯ ಪ್ರತ್ಯೇಕ ನಿಧಿಗೇ ಸೇರಲಿ. ಅಷ್ಟರಿಂದಲೇ ಎಲ್ಲ ಖರ್ಚು ನೀಗೀತೆಂದು ನಾನು ಹೇಳಲಾರೆ. ಆದರೆ ಗಾಜು ನೋಡಿ ಮನೆಗೆ ಹೋದವರು ಮುಂದೆ ಅದರ ಬಗ್ಗೆ ಕೇಳುವವರಾಗುತ್ತಾರೆ, ಮತ್ತು ಕೇಳುವವರಿರುವ ಕಡೆ ಕಡತ ಸ್ವಲ್ಪ ಬೇಗ ಸರಿಯುತ್ತದೆ.

ಈ ಪತ್ರ ಓದುವ ಕನ್ನಡಿಗರಲ್ಲಿಯೂ ಒಂದು ಮಾತು. ನಿಮ್ಮ ಅಜ್ಜನದೋ ಮುತ್ತಜ್ಜನದೋ ಮುಂಬೈ ವಿಶ್ವವಿದ್ಯಾಲಯದ ಪದವಿ ಪತ್ರ, ಘಟಿಕೋತ್ಸವದ ಫೋಟೊ, ಗ್ರಂಥಾಲಯದ ಹಳೆಯ ಚಿತ್ರ ಮನೆಯ ಟ್ರಂಕಿನಲ್ಲಿದ್ದರೆ ಅದರ ಒಂದು ಪ್ರತಿಯನ್ನು ವಿಶ್ವವಿದ್ಯಾಲಯಕ್ಕೆ ಕೊಡಿ. ಕಿಟಕಿಗಳು ಹಿಂದೆ ಹೇಗಿದ್ದವು ಎಂದು ತಿಳಿಯಲು ಸಂರಕ್ಷಕರು ಇಂಥ ಚಿತ್ರಗಳನ್ನೇ ಹುಡುಕುತ್ತಾರೆ. ಕುಟುಂಬದ ಗುಂಪು ಚಿತ್ರದ ಹಿನ್ನೆಲೆಯಲ್ಲಿ ಮಸುಕಾಗಿ ಬಿದ್ದ ಒಂದು ಫಲಕದಿಂದ ಕಾಣೆಯಾದ ತುಂಡಿನ ಆಕಾರ ಸಿಕ್ಕರೂ ಸಿಕ್ಕೀತು.

ಮಾನ್ಯ ಕುಲಪತಿಗಳೇ, ಮುಂದಿನ ಮೇ ತಿಂಗಳೊಳಗೆ ಮೊದಲ ಪರೀಕ್ಷೆ ನಡೆದು, ಅದರ ವರದಿ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪ್ರಕಟವಾಗಲಿ ಎಂಬುದು ನನ್ನ ವಿನಂತಿ. ಸಾರ್ವಜನಿಕ ವೀಕ್ಷಣೆಯನ್ನು ಮಳೆ ಕಳೆದ ಅಕ್ಟೋಬರಿನಲ್ಲಿ, ಪ್ರಾಯೋಗಿಕವಾಗಿ ಒಂದೆರಡು ಭಾನುವಾರ ಆರಂಭಿಸಬಹುದು. ಸಮಯ ಗೊತ್ತುಮಾಡುವಾಗ ಬೆಳಗಿನ ಹೊತ್ತನ್ನು ಬಿಟ್ಟು ಮಧ್ಯಾಹ್ನ ಮೂರರಿಂದ ಐದರವರೆಗೆ ಇಟ್ಟರೆ ಒಳ್ಳೆಯದು, ಪಶ್ಚಿಮದ ಬೆಳಕು ಆಗ ಇರುತ್ತದೆ.

ಗೌರವಪೂರ್ವಕವಾಗಿ,
ಮುಂಬೈಯ ಒಬ್ಬ ಕನ್ನಡ ಓದುಗ